ಥಾರ್‌ಗೆ 2 ಇಂಚು ಲಿಫ್ಟ್ ಸಾಕಾ, 3 ಇಂಚು ಬೇಕಾ? 33 ಇಂಚಿನ ಟೈರು ಹಾಕಿಸಬಹುದಾ?

ತೋಟದ ದಾರಿಯ ನಡುವಿನ ದಿಬ್ಬಕ್ಕೆ ನಿಮ್ಮ ಮಹೀಂದ್ರ ಥಾರ್ ಜೀಪಿನ ಅಡಿ ತಾಗುತ್ತದೆ, ಲಿಫ್ಟ್ ಮಾಡಿಸಲಾ (ಅಂದರೆ ಸಸ್ಪೆನ್ಷನ್ ಬದಲಿಸಿ ಗಾಡಿ ಎತ್ತರಿಸಲಾ), ದೊಡ್ಡ ಟೈರು ಹಾಕಿಸಲಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ 2017ರ ಮಳೆಗಾಲ ನೆನಪಾಯಿತು. ತೋಟದ ದಾರಿ, ನಡುವಿನ ದಿಬ್ಬ, ಅಡಿ ತಾಗುವ ಗಾಡಿ. ಎಲ್ಲವೂ ನಾನು ಕಂಡಿದ್ದೇ. 2 ಇಂಚು ಬೇಡ, 3 ಇಂಚೂ ಬೇಡ ಅನ್ನುವುದು ನನ್ನ ಉತ್ತರ. ಯಾಕೆ ಅಂತ ಹೇಳುತ್ತೇನೆ.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಟಾರು ರಸ್ತೆಯಿಂದ ಮನೆಗೆ ಸುಮಾರು ಒಂದು ಕಿಲೋಮೀಟರ್ ಮಣ್ಣಿನ ದಾರಿ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಗಾಲಿ ಹಾದಿ ಆಳಕ್ಕೆ ಇಳಿದು, ನಡುವೆ ದಿಬ್ಬ ಎದ್ದಿತ್ತು. ನನ್ನದು ಹಳೇ ಡೀಸೆಲ್ ಥಾರ್ (ಸಿಆರ್‌ಡಿಇ), ಕಂಪನಿ ಕೊಟ್ಟ 235/70 ಆರ್16 ಸೈಜಿನ ಟೈರು. ಒಂದೆರಡು ಸಲ ಅಡಿ ಉಜ್ಜಿತು. ಬೆಂಗಳೂರಿನ ಒಂದು ಗ್ಯಾರೇಜಿಗೆ ಹೋಗಿ 2 ಇಂಚು ಎತ್ತಿಸಿದೆ. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಬಿಗಿ ಮಾಡಿದರು, ಹಿಂದೆ ಲೀಫ್ ಸ್ಪ್ರಿಂಗಿಗೆ ಉದ್ದನೆಯ ಶ್ಯಾಕಲ್ (ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರು. ದುಡ್ಡು ಮುಗಿದಿತ್ತು, ಟೈರು ಮುಂದಿನ ವರ್ಷ ನೋಡೋಣ ಅಂದುಕೊಂಡೆ.

ಇಲ್ಲೇ ನಾನು ತಪ್ಪಿದ್ದು. ಗಾಡಿ ಎತ್ತರವಾಯಿತು ಅಂದರೆ ಗಾಡಿಯ ಅಡಿಯೂ ಎತ್ತರವಾಯಿತು ಅಂತ ನಂಬಿದ್ದೆ. ಅದು ಹಾಗಲ್ಲ. ಹಿಂದಿನ ಆಕ್ಸಲ್ ಅಂದರೆ ಎರಡು ಗಾಲಿಗಳನ್ನು ಜೋಡಿಸುವ ಒಂದೇ ಗಟ್ಟಿ ಕೊಳವೆ, ನಡುವೆ ಗೇರುಗಳಿರುವ ಡಿಫರೆನ್ಶಿಯಲ್ ಹೌಸಿಂಗ್ ಅನ್ನುವ ಗುಂಡು. ಆ ಆಕ್ಸಲ್ ಕೂತಿರುವುದು ಗಾಲಿಗಳ ಮೇಲೆ. ಲಿಫ್ಟ್ ಮಾಡುವುದು ಆಕ್ಸಲ್‌ನಿಂದ ಮೇಲಿರುವ ಭಾಗವನ್ನು: ಚಾಸಿ, ಬಾಡಿ, ಬಂಪರ್. ಗುಂಡು ಇದ್ದಲ್ಲೇ ಇರುತ್ತದೆ. ಆಮೇಲೆ ಒಂದು ದಿನ ಟೇಪು ಹಿಡಿದು ಅಡಿಗೆ ಮಲಗಿ ಅಳೆದೆ. ಬಂಪರ್ 2 ಇಂಚು ಮೇಲೆ ಹೋಗಿತ್ತು. ಹೌಸಿಂಗ್ ಒಂದು ಮಿಲಿಮೀಟರ್ ಕೂಡ ಏಳಲಿಲ್ಲ. ಹೌಸಿಂಗ್ ಏಳಬೇಕು ಅಂದರೆ ಟೈರೇ ದೊಡ್ಡದಾಗಬೇಕು. ಅದೂ ಟೈರಿನ ಎತ್ತರ ಎಷ್ಟು ಹೆಚ್ಚುತ್ತದೋ ಅದರ ಅರ್ಧ ಮಾತ್ರ, ಯಾಕೆಂದರೆ ಆಕ್ಸಲ್ ಇರುವುದು ಗಾಲಿಯ ನಡುಮಧ್ಯೆ.

ಆ ಅಳತೆಯನ್ನು ಮೊದಲೇ ಮಾಡಬೇಕಿತ್ತು. ಜುಲೈನಲ್ಲಿ ಒಂದು ರಾತ್ರಿ ಅಮ್ಮನಿಗೆ ಹೊಟ್ಟೆನೋವು ಜಾಸ್ತಿಯಾಯಿತು. ಮೂಡಿಗೆರೆಗೆ ಹೊರಟೆವು. ಜೋರು ಮಳೆ. 2 ಇಂಚು ಎತ್ತಿಸಿದ್ದೇನಲ್ಲ ಅನ್ನುವ ಧೈರ್ಯದಲ್ಲಿ ದಿಬ್ಬವನ್ನು ನಡುವೆ ಬಿಟ್ಟುಕೊಂಡು, ಎರಡೂ ಗಾಲಿ ಹಾದಿಯಲ್ಲೇ ಇಟ್ಟು ನುಗ್ಗಿಸಿದೆ. ಹೌಸಿಂಗ್ ದಿಬ್ಬದ ಮೇಲೆ ಕೂತುಬಿಟ್ಟಿತು. ಹಿಂದಿನ ಗಾಲಿಗಳು ಕೆಸರಿನಲ್ಲಿ ಸುಮ್ನೆ ತಿರುಗುತ್ತಿದ್ದವು. ಅಮ್ಮ ಹಿಂದಿನ ಸೀಟಿನಲ್ಲಿ ನರಳುತ್ತಿದ್ದರು.

ಪಕ್ಕದ ತೋಟದವರಿಗೆ ಫೋನ್ ಮಾಡಿದೆ. ಅವರು ತಮ್ಮ ಹಳೇ ಮಹೀಂದ್ರ ಜೀಪು ತಂದರು. ಸಪೂರ ಟೈರು, ಲಿಫ್ಟ್ ಇಲ್ಲ, ಏನೂ ಇಲ್ಲ. ಕಾಫಿ ಗಿಡದ ಬುಡದ ಕಡೆಯಿಂದ ನನ್ನ ಗಾಡಿಯನ್ನು ಸುತ್ತಿಕೊಂಡು ಬಂದು, ಅಮ್ಮನನ್ನು ಹತ್ತಿಸಿಕೊಂಡು ಹೊರಟರು. ಒಂದು ಗಾಲಿ ದಿಬ್ಬದ ಮೇಲೆ, ಇನ್ನೊಂದು ದಾರಿಯ ಅಂಚಿನ ಮೇಲೆ. ಗಾಲಿ ಹಾದಿಗೆ ಇಳಿಯಲೇ ಇಲ್ಲ. ಎಲ್ಲೂ ನಿಲ್ಲದೆ ಟಾರು ರಸ್ತೆ ಸೇರಿದರು. ಅಮ್ಮ ಹುಷಾರಾದರು. ನನ್ನ ಥಾರ್ ಮಾತ್ರ ಬೆಳಗ್ಗೆ ಟ್ರ್ಯಾಕ್ಟರ್ ಬರುವ ತನಕ ಅಲ್ಲೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಟಾರ್ಷನ್ ಬಾರ್ ಬಿಗಿ ಮಾಡಿದ್ದರಿಂದ ಮುಂದಿನ ಸಸ್ಪೆನ್ಷನ್‌ಗೆ ಕೆಳಗೆ ಇಳಿಯಲು ಜಾಗವೇ ಕಡಿಮೆಯಾಗಿತ್ತು. ಗುಂಡಿ ಬಂದರೆ ಗಾಲಿ ನೆಲ ಮುಟ್ಟದೆ ಗಾಳಿಯಲ್ಲಿ ನೇತಾಡುತ್ತಿತ್ತು. ಮುಂದಿನ ಡ್ರೈವ್ ಶಾಫ್ಟ್ ಯಾವಾಗಲೂ ಓರೆಯಲ್ಲಿ ಓಡುತ್ತಿತ್ತು. ವರ್ಷ ಕಳೆಯುವುದರೊಳಗೆ ಆ ಶಾಫ್ಟಿನ ಕೀಲನ್ನು (ಸಿವಿ ಜಾಯಿಂಟ್) ಮುಚ್ಚುವ ರಬ್ಬರ್ ಚೀಲ, ಅಂದರೆ ಸಿವಿ ಬೂಟು, ಹರಿಯಿತು, ಗ್ರೀಸ್ ಹೊರಬಂತು, ಕೆಸರು ಒಳಹೋಯಿತು. ಸ್ಟೇರಿಂಗ್ ತಿರುಗಿಸಿದರೆ ಟಕ್ ಟಕ್ ಶಬ್ದ. ಶಾಫ್ಟ್ ಬದಲಾಯಿಸಿ, ಲಿಫ್ಟ್ ಬಿಚ್ಚಿಸಿದೆ. ಆ ದುಡ್ಡಿಗೆ ಒಂದು ಸೆಟ್ ಒಳ್ಳೆಯ ಟೈರು ಬರುತ್ತಿತ್ತು.

ಈಗ ನಿಮ್ಮ ಗಾಡಿಗೆ ಬರೋಣ. ನಿಮ್ಮದು ಹೊಸ ಥಾರ್, 255/65 ಆರ್18. ಮುಂದೆ ಕಾಯಿಲ್ ಸ್ಪ್ರಿಂಗ್ ಬಂದಿದೆ ನಿಜ. ಆದರೆ ಹಿಂದಿನ ಆಕ್ಸಲ್ ಈಗಲೂ ಗಟ್ಟಿ ಆಕ್ಸಲ್ಲೇ, ಮುಂದೆ ಈಗಲೂ ಸಿವಿ ಜಾಯಿಂಟೇ. ನಿಮ್ಮ ಟೈರಿನ ಎತ್ತರ ಸುಮಾರು 789 ಮಿ.ಮೀ. 33 ಇಂಚು ಅಂದರೆ 838. ವ್ಯತ್ಯಾಸ 49, ಅದರ ಅರ್ಧ ಸುಮಾರು 25. ಒಂದೇ ಒಂದು ಇಂಚು! ಅಷ್ಟಕ್ಕೆ ಟೈರು ತೂಕವಾಗುತ್ತದೆ, ಪಿಕಪ್ ಬೀಳುತ್ತದೆ, ಬ್ರೇಕಿಗೆ ಹೊರೆ ಜಾಸ್ತಿ. ಸ್ಪೀಡೋಮೀಟರ್ 80 ತೋರಿಸುವಾಗ ನೀವು ಸುಮಾರು 85ರಲ್ಲಿ ಇರುತ್ತೀರಿ. ತಿರುವಿನಲ್ಲಿ ಆ ಟೈರು ಫೆಂಡರಿಗೆ ಉಜ್ಜಬಾರದು ಅಂತ ಲಿಫ್ಟ್ ಬೇಕಾಗುತ್ತದೆ. ಲಿಫ್ಟ್ ಇರುವುದೇ ಆ ಕೆಲಸಕ್ಕೆ, ಟೈರಿಗೆ ಜಾಗ ಮಾಡಿಕೊಡುವುದಕ್ಕೆ. ಬಂಡೆ ಹತ್ತಿಸುವವರಿಗೆ, ಕಡಿದಾದ ಏರಿನಲ್ಲಿ ಬಂಪರ್ ತಾಗುವವರಿಗೆ ಅದು ಬೇಕು, ಒಪ್ಪುತ್ತೇನೆ. ತೋಟಕ್ಕೆ ಗೊಬ್ಬರ, ಕಾಫಿ ಚೀಲ ಸಾಗಿಸುವವರಿಗೆ ಬೇಡ.

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಣೆ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದು ಇದನ್ನೇ.

ನನ್ನ ಮಾತು ಕೇಳುವುದಾದರೆ ಅದೇ ಸೈಜಿನಲ್ಲಿ, ಒಳ್ಳೆಯ ಹಲ್ಲಿರುವ ಆಲ್ ಟೆರೇನ್ ಟೈರು ಹಾಕಿಸಿ. ಸ್ಟೆಪ್ನಿಯೂ ಅದೇ ಇರಲಿ. ಒಂದು ಸಣ್ಣ ಕಂಪ್ರೆಸರ್ ಕೊಳ್ಳಿ. ಮಣ್ಣಿನ ದಾರಿ ಶುರುವಾಗುವಲ್ಲಿ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿ, ನಿಧಾನಕ್ಕೆ ಹೋಗಿ. ಟಾರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಗಾಳಿ ಇಳಿಸಿದ ಟೈರು ಕೆಸರಿನಲ್ಲಿ ಹಿಡಿಯುವ ರೀತಿಯೇ ಬೇರೆ. ದಿಬ್ಬ ಬಂದರೆ ಗಾಲಿಯನ್ನು ಅದರ ಮೇಲೆ ಹತ್ತಿಸಿ, ಎರಡು ಗಾಲಿಗಳ ನಡುವೆ ಬಿಡಬೇಡಿ. ಮಳೆಗಾಲಕ್ಕೆ ಮುಂಚೆ ಇಬ್ಬರು ಆಳು ಹಚ್ಚಿ ಆ ದಿಬ್ಬವನ್ನು ಗುದ್ದಲಿಯಲ್ಲಿ ಕೆರೆಸಿಬಿಡಿ. ನಾವು ಈಗ ಪ್ರತಿ ಮೇ ತಿಂಗಳಲ್ಲಿ ಮಾಡಿಸುತ್ತೇವೆ. ಒಂದು ದಿನದ ಕೂಲಿ, ಅಷ್ಟೇ.

ಗ್ಯಾರೇಜಿಗೆ ಅಡ್ವಾನ್ಸ್ ಕೊಡುವ ಮೊದಲು ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನೆಲದಿಂದ ಹಿಂದಿನ ಹೌಸಿಂಗ್‌ವರೆಗೆ ಎಷ್ಟಿದೆ ಅಳೆಯಿರಿ. ನಿಮ್ಮ ದಾರಿಯ ದಿಬ್ಬ ಗಾಲಿ ಹಾದಿಯಿಂದ ಎಷ್ಟು ಎತ್ತರ ಇದೆ ಅದನ್ನೂ ಅಳೆಯಿರಿ. ಎರಡೂ ಅಂಕಿ ಇಲ್ಲಿ ಬರೆಯಿರಿ, ಟೈರಿನ ಬಗ್ಗೆ ಆಮೇಲೆ ಮಾತಾಡೋಣ.