ಓದುಗರ ಪ್ರಶ್ನೆ: ಚಳಿಯಲ್ಲಿ ಬಿದ್ದ ಪೆಟ್ಟು, ಬಿಸಿಯಲ್ಲಿ ಬಿದ್ದ ಪೆಟ್ಟು

ಪ್ರಶ್ನೆ: 5 ಮಿ.ಮೀ. ದಪ್ಪದ ಕಾರ್ಬನ್ ಫೈಬರ್–ಎಪಾಕ್ಸಿ ಫಲಕಗಳಿಗೆ, ಮೇಲಿಂದ ತೂಕ ಬೀಳಿಸುವ ಡ್ರಾಪ್ ಟವರ್‌ನಲ್ಲಿ 33 ಜೂಲ್ ಪೆಟ್ಟು ಕೊಟ್ಟೆವು. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಗ್ಗು ಆಳವಾಗಿ ಬಿತ್ತು, −50 ಡಿಗ್ರಿಯಲ್ಲಿ ಸಣ್ಣ ಗುರುತು ಮಾತ್ರ. ಚಳಿಯಲ್ಲಿ ಕಾಂಪೊಸಿಟ್ ಹೆಚ್ಚು ತಡೆಯುತ್ತದೆ ಎಂದು ವರದಿಯಲ್ಲಿ ಬರೆಯಬಹುದೇ?
– ಮೆಕ್ಯಾನಿಕಲ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಬರೆಯಬೇಡಿ. ನೆಗ್ಗಿನ ಆಳದಿಂದ ರೆಸಿನ್ (ನಾರುಗಳನ್ನು ಹಿಡಿದಿಡುವ ಎಪಾಕ್ಸಿ) ಎಷ್ಟು ಮೆತ್ತಗಿತ್ತು ಎಂಬುದು ಗೊತ್ತಾಗುತ್ತದೆ, ಒಳಗೆ ಎಷ್ಟು ಹಾಳಾಗಿದೆ ಎಂಬುದು ಗೊತ್ತಾಗುವುದಿಲ್ಲ. ಬಿಸಿಯಲ್ಲಿ ರೆಸಿನ್ ಬಗ್ಗಿ, ಕುಸಿದು ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ. ಚಳಿಯಲ್ಲಿ ಅದು ಗಡಸಾಗಿ ಬಗ್ಗಲಾರದು, ಸೀಳುತ್ತದೆ. ಆ ಸೀಳುಗಳು ಪದರಗಳ ನಡುವಿನ ಸಂಧಿಗೆ ತಲುಪಿ ಅಲ್ಲೇ ಹರಡುತ್ತವೆ. ಇದೇ ಡಿಲ್ಯಾಮಿನೇಶನ್. ಮೇಲ್ಮೈ ನಯವಾಗಿಯೇ ಇರುತ್ತದೆ, ಹಾನಿ ಕೆಳಗಿನ ಪದರಗಳತ್ತ ಅಗಲವಾಗುತ್ತಾ ಹೋಗುತ್ತದೆ.

ಇನ್ನೊಂದು ಕಾರಣವನ್ನು ಹಲವರು ಮರೆಯುತ್ತಾರೆ. ವಿಮಾನದ ಪ್ರಿಪ್ರೆಗ್ (ಮೊದಲೇ ರೆಸಿನ್ ಹೀರಿಸಿದ ನಾರಿನ ಹಾಳೆ) ಹೆಚ್ಚಾಗಿ 180 ಡಿಗ್ರಿಯಲ್ಲಿ ಕ್ಯೂರ್ ಆಗುತ್ತದೆ, ಅಂದರೆ ಗಟ್ಟಿಯಾಗುತ್ತದೆ. ಅಲ್ಲಿಂದ −50ಕ್ಕೆ ಇಳಿದರೆ 230 ಡಿಗ್ರಿ ವ್ಯತ್ಯಾಸ. ಕಾರ್ಬನ್ ನಾರು ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಎಪಾಕ್ಸಿ ಚೆನ್ನಾಗಿ ಕುಗ್ಗುತ್ತದೆ. ಹಾಗಾಗಿ ಪೆಟ್ಟು ಬೀಳುವ ಮೊದಲೇ ರೆಸಿನ್ ಎಳೆತದಲ್ಲಿರುತ್ತದೆ. ನೀವು ಕೈಯಲ್ಲೇ ಪದರ ಹಾಕಿ ಕೋಣೆಯ ಉಷ್ಣಾಂಶದಲ್ಲೇ ಕ್ಯೂರ್ ಮಾಡಿದ್ದರೆ ಈ ಎಳೆತ ಕಡಿಮೆ. ಆದ್ದರಿಂದ ನಿಮ್ಮ ಅಂಕಿಗಳನ್ನು ವಿಮಾನದ ಭಾಗಗಳಿಗೆ ನೇರವಾಗಿ ಅನ್ವಯಿಸಬೇಡಿ.

80 ಡಿಗ್ರಿಯ ಫಲಿತಾಂಶದ ಬಗ್ಗೆ ನಮಗೆ ಹೆಚ್ಚು ಅನುಮಾನ. ಕಾಲೇಜುಗಳಲ್ಲಿ ಬಳಸುವ ಎಲ್‌ವೈ 556 ಎಪಾಕ್ಸಿ ರೆಸಿನ್‌ಗೆ ಎಚ್‌ವೈ 951 ಹಾರ್ಡ್‌ನರ್ ತೂಕದಲ್ಲಿ 10ಕ್ಕೆ 1ರಂತೆ ಬೆರೆಸಿ ಹಾಗೇ ಬಿಟ್ಟಿದ್ದೀರಾ? ಪೋಸ್ಟ್ ಕ್ಯೂರ್ (ಗಟ್ಟಿಯಾದ ಮೇಲೆ ಮತ್ತೆ ಬಿಸಿಯಲ್ಲಿಡುವುದು) ಇಲ್ಲದ ಇಂಥ ಎಪಾಕ್ಸಿಗಳ ಟಿಜಿ, ಅಂದರೆ ಗಡಸುತನ ಕಳೆದು ರಬ್ಬರಿನಂತಾಗುವ ಉಷ್ಣಾಂಶ, ಸಾಮಾನ್ಯವಾಗಿ 50–70 ಡಿಗ್ರಿ. ಅದನ್ನು ದಾಟಿ ಪರೀಕ್ಷೆ ಮಾಡಿದರೆ ನೀವು ಅಳೆದದ್ದು ಬೇರೆಯೇ ವಸ್ತು. ಮೊದಲು ಡಿಎಂಎಯಲ್ಲಿ (ಬಿಸಿ ಮಾಡುತ್ತಾ ವಸ್ತುವಿನ ಗಡಸುತನ ಅಳೆಯುವ ಪರೀಕ್ಷೆ) ಟಿಜಿ ನೋಡಿ. ವಿಮಾನ ಉದ್ಯಮದಲ್ಲಿ ತೇವ ಹೀರಿದ ಸ್ಥಿತಿಯ ಟಿಜಿಗಿಂತ 28 ಡಿಗ್ರಿ ಕೆಳಗೇ ಬಳಕೆಯ ಮಿತಿ ಇಡುವುದು ರೂಢಿ.

ಚಳಿಯ ಪರೀಕ್ಷೆ ಕೆಡುವುದು ಫಲಕವನ್ನು ಫ್ರೀಜರ್‌ನಿಂದ ಟವರ್‌ಗೆ ಒಯ್ಯುವಾಗ. ಅದೇ ಪದರಗಳ ಇನ್ನೊಂದು ತುಂಡಿನ ನಡುದಪ್ಪಕ್ಕೆ ಥರ್ಮೋಕಪಲ್ (ಉಷ್ಣಾಂಶ ಅಳೆಯುವ ತಂತಿ) ಕೂರಿಸಿ, ಒಳಗಿನ ಉಷ್ಣಾಂಶ ಎಷ್ಟು ಸೆಕೆಂಡಿಗೆ 3 ಡಿಗ್ರಿ ಏರುತ್ತದೆಂದು ಮೊದಲೇ ಬರೆದಿಟ್ಟುಕೊಳ್ಳಿ. ಅಷ್ಟರೊಳಗೆ ಪೆಟ್ಟು ಬೀಳಬೇಕು. ಕೆಳಗಿನ ಉಕ್ಕಿನ ಚೌಕಟ್ಟನ್ನೂ ತಣಿಸಿ, ಇಲ್ಲದಿದ್ದರೆ ಅಂಚಿನಿಂದಲೇ ಫಲಕ ಬಿಸಿಯಾಗುತ್ತದೆ. ಹಿಮ ಕೂರದಂತೆ ಸಿಲಿಕಾ ಜೆಲ್ ಜೊತೆ ಪಾಲಿಥಿನ್ ಚೀಲದಲ್ಲಿ ತಣಿಸಿ, ಹೊಡೆಯುವ ಮುನ್ನ ಚೀಲ ತೆಗೆಯಿರಿ. ತೂಕ ಪುಟಿದು ಎರಡನೇ ಸಲ ಬೀಳದಂತೆ ಹಿಡಿಯುವ ವ್ಯವಸ್ಥೆ ಇರಲಿ. ಎಎಸ್‌ಟಿಎಂ ಡಿ 7136 (ಇಂಥ ಪೆಟ್ಟಿನ ಪರೀಕ್ಷೆಯ ಮಾನದಂಡ) ಹೇಳುವಂತೆ 100 × 150 ಮಿ.ಮೀ. ಫಲಕ, 16 ಮಿ.ಮೀ. ವ್ಯಾಸದ ಅರ್ಧಗೋಳದ ಮೂತಿ, ದಪ್ಪದ ಪ್ರತಿ ಮಿ.ಮೀ.ಗೆ 6.7 ಜೂಲ್, ನಿಮ್ಮ 33 ಸರಿಯಾಗಿದೆ.

ನೆಗ್ಗನ್ನು ಪೆಟ್ಟು ಬಿದ್ದ ತಕ್ಷಣ ಒಮ್ಮೆ, ಮರುದಿನ ಒಮ್ಮೆ ಅಳೆಯಿರಿ. ರೆಸಿನ್ ನಿಧಾನವಾಗಿ ಮರಳುವುದರಿಂದ ಆಳ ಕಡಿಮೆಯಾಗುತ್ತದೆ. ಆಮೇಲೆ ಒಳಗಿನ ಹಾನಿಯ ನಕ್ಷೆ ಕೊಡುವ ಅಲ್ಟ್ರಾಸಾನಿಕ್ ಸಿ-ಸ್ಕ್ಯಾನ್‌ನಲ್ಲಿ ಪದರ ಬಿಟ್ಟ ವಿಸ್ತೀರ್ಣ ನೋಡಿ, ಕೊನೆಗೆ ಅಂಚುಗಳಿಂದ ಒತ್ತಿ ಮುರಿಯಿರಿ. ಒತ್ತಡದ ಪರೀಕ್ಷೆಯನ್ನು ಕೋಣೆಯ ಉಷ್ಣಾಂಶದಲ್ಲೂ ಬಿಸಿಯಲ್ಲೂ ಮಾಡಿ. ಬಿಸಿ ರೆಸಿನ್ ನಾರುಗಳನ್ನು ನೇರವಾಗಿ ಹಿಡಿದಿಡಲಾರದು, ಅವು ಬಾಗಿ ಮುರಿಯುತ್ತವೆ. ಪೆಟ್ಟಿನ ಹೊತ್ತಿನ ಉಷ್ಣಾಂಶ ಮಾಡಿದ್ದೆಷ್ಟು, ಭಾರ ಹೊರುವಾಗಿನ ಉಷ್ಣಾಂಶ ಮಾಡಿದ್ದೆಷ್ಟು ಎಂದು ಬೇರ್ಪಡಿಸಲು ಬೇರೆ ದಾರಿಯಿಲ್ಲ.

ಪ್ರಶ್ನೆ: ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಮಧ್ಯಾಹ್ನ ಬಿದ್ದು, ಕಾರ್ಬನ್ ತೋಳಿಗೆ ಸಣ್ಣ ನೆಗ್ಗು ಆಗಿದೆ. ಹಾರಿಸಬಹುದೇ?
– ಓದುಗರು, ರಾಯಚೂರು

ಉತ್ತರ: ಮೊದಲು ನೆರಳಲ್ಲಿ ಪೂರ್ತಿ ತಣಿಯಲು ಬಿಡಿ. ಬಿಸಿಲಿಗೆ ಕಾದ ಕಪ್ಪು ತೋಳು ಗಾಳಿಗಿಂತ ಎಷ್ಟೋ ಬಿಸಿ ಇರುತ್ತದೆ. ಆಮೇಲೆ ನಾಣ್ಯದ ಅಂಚಿನಿಂದ ನೆಗ್ಗಿನ ಸುತ್ತ ಬೆರಳಗಲಕ್ಕೊಮ್ಮೆ ತಟ್ಟುತ್ತಾ, ಪೆಟ್ಟು ಬೀಳದ ತೋಳಿನ ಅದೇ ಜಾಗದ ಸದ್ದಿಗೆ ಹೋಲಿಸಿ. ಖಣ್ ಎನ್ನುವ ಬದಲು ಬೊದ್ದು ಸದ್ದು ಬಂದಲ್ಲಿ ಪದರ ಬಿಟ್ಟಿದೆ. ಮಡಚುವ ಕೀಲು, ಮೋಟರಿನ ಬೋಲ್ಟ್‌ಗಳ ಬಳಿ ವಿಶೇಷವಾಗಿ ನೋಡಿ. ಬೊದ್ದು ಸದ್ದಿದ್ದರೆ ತೋಳನ್ನೇ ಬದಲಿಸಿ. ಮೇಲೆ ಎಪಾಕ್ಸಿ ಬಳಿದರೆ ಅದು ಒಳಗಿನ ಸೀಳಿಗೆ ತಲುಪುವುದಿಲ್ಲ.

ಪ್ರಶ್ನೆ: ಗ್ಲಾಸ್ ಫೈಬರ್ ಕೂಡ ಹೀಗೇನಾ?
– ಓದುಗರು, ಮಂಗಳೂರು

ಉತ್ತರ: ರೆಸಿನ್‌ನ ಕಥೆ ಅದೇ. ಗಾಜಿನ ನಾರು ಮಾತ್ರ ಮುರಿಯುವ ಮುನ್ನ ಕಾರ್ಬನ್‌ಗಿಂತ ಹೆಚ್ಚು ಹಿಗ್ಗುತ್ತದೆ, ಚಳಿಯಲ್ಲಿ ಅದರ ಬಲವೂ ಹೆಚ್ಚುತ್ತದೆ. ಬಣ್ಣ ಬಳಿಯದ ಫಲಕದಲ್ಲಿ ಪದರ ಬಿಟ್ಟ ಜಾಗ ಬೆಳ್ಳಗೆ ಕಾಣುತ್ತದೆ, ಹಿಂದಿನಿಂದ ಟಾರ್ಚ್ ಹಿಡಿದರೆ ಅದರ ಅಂಚನ್ನು ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಬಹುದು.