ಅರ್ಧ ಬರೆದ ಕೋಡ್ ತೋರಿಸೋಕೆ ಅಂಜಿಕೆ ಯಾಕೆ ತಮ್ಮಾ?

ತಮ್ಮಾ, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ತಿಂಗಳಾಯ್ತು, ಮನೆ, ಚಳಿ, ಊಟ, ರಜೆ ಎಲ್ಲಾ ಹೆಂಗೆ ಅಂತ ಕೇಳಿದ್ದೀಯ. ಕೊನೇಲಿ ಒಂದು ಸಾಲು: "ಮ್ಯಾನೇಜರ್ ದಿನಾ ಕೋಡ್ ತೋರ್ಸು ಅಂತಾರೆ, ಪೂರ್ತಿ ಆಗದೆ ಹೆಂಗ್ ತೋರ್ಸ್ಲಿ ಅಣ್ಣಾ?"

ಮನೆ, ಚಳಿ ತಾನಾಗೇ ಹೊಂದಿಕೊಳ್ಳುತ್ತೆ. ಹೆಲ್ತ್ ಇನ್ಶೂರೆನ್ಸ್ ಮಾತ್ರ ಬಂದ ನಾಲ್ಕು ತಿಂಗಳೊಳಗೆ ಮಾಡಿಸ್ಕೋ. ಬೆಣ್ಣೆ ದೋಸೆ ಆಸೆ ಬಿಡು.

ಕೋಡ್ ವಿಷಯ ತಾನಾಗೇ ಸರಿಹೋಗಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದೋರು ನಾವು. ಲ್ಯಾಬ್ ಪರೀಕ್ಷೆಯಲ್ಲಿ ಔಟ್‌ಪುಟ್ ಬಂದ ಮೇಲೇ ಎಕ್ಸ್‌ಟರ್ನಲ್‌ನ (ಹೊರಗಿಂದ ಬರೋ ಪರೀಕ್ಷಕರನ್ನ) ಕರೀತಿದ್ವಿ. ಎರರ್ ಅವರ ಕಣ್ಣಿಗೆ ಬಿದ್ರೆ ಮಾರ್ಕ್ಸ್ ಹೋಯ್ತು ಅಂತ ಲೆಕ್ಕ. ಇಲ್ಲಿ ಆ ಲೆಕ್ಕ ನಡೆಯಲ್ಲ. ಎರಡು ವಾರ ಸುಮ್ಮನಿದ್ದು ಎರಡು ಸಾವಿರ ಸಾಲು ಒಮ್ಮೆಗೇ ಕಳಿಸಿದ್ರೆ ಯಾರೂ ಶಭಾಷ್ ಅನ್ನಲ್ಲ, ಇದನ್ನ ಯಾರು ಓದ್ತಾರೆ ಅಂತ ಗೊಣಗ್ತಾರೆ. ಗೂಗಲ್‌ನವರು 2018ರಲ್ಲಿ ತಮ್ಮಲ್ಲಿನ ಕೋಡ್ ರಿವ್ಯೂ (ಒಬ್ಬರ ಕೋಡನ್ನ ಇನ್ನೊಬ್ಬರು ಓದಿ ನೋಡೋದು) ಬಗ್ಗೆ ಪ್ರಕಟಿಸಿದ ಅಧ್ಯಯನ ನೋಡು, ಅರ್ಧಕ್ಕರ್ಧ ಬದಲಾವಣೆಗಳು 24 ಸಾಲಿನೊಳಗೇ ಇದ್ವು.

ಬ್ರಾಂಚ್ (ಮುಖ್ಯ ಕೋಡಿನಿಂದ ಕವಲೊಡೆದ ನಿನ್ನ ಪ್ರತಿ) ಮಾಡಿದ ದಿನವೇ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ತೆರೆ, ಅಂದ್ರೆ ಇನ್ನೂ ಮುಗಿದಿಲ್ಲ ಅಂತ ಗುರುತು ಹಾಕಿ ನಿನ್ನ ಬದಲಾವಣೆನ ಟೀಮಿನ ಮುಂದೆ ಇಡು. ಕೋಡ್ ಇಟ್ಟು ಹಂಚಿಕೊಳ್ಳೋ ತಾಣ ಗಿಟ್‌ಹಬ್‌ನಲ್ಲಿ 2019ರಿಂದ ಈ ಸೌಲಭ್ಯ ಇದೆ. ಡ್ರಾಫ್ಟ್ ಆಗಿರೋವರೆಗೆ ಅದನ್ನ ಯಾರೂ ಮರ್ಜ್ ಮಾಡೋಕಾಗಲ್ಲ (ಮುಖ್ಯ ಕೋಡಿಗೆ ಸೇರಿಸೋಕಾಗಲ್ಲ). ಮೇಲ್ಗಡೆ ಬಿಡಿಸಿ ಬರಿ: ಟೆಸ್ಟ್ ಬರೆದಿಲ್ಲ, ಹೆಸರುಗಳು ಬದಲಾಗ್ತವೆ, ಆರ್ಡರ್ ಟೇಬಲ್‌ನಿಂದ (ಆರ್ಡರ್ ವಿವರ ಇಡೋ ಪಟ್ಟಿಯಿಂದ) ಪೇಮೆಂಟ್ ಬೇರೆ ಮಾಡಿದ್ದು ಸರಿಯಾ ಅನ್ನೋದಷ್ಟೇ ಹೇಳಿ. ಹಿಂಗೆ ಕೇಳದಿದ್ರೆ ಓದೋರು ಸ್ಪೇಸು, ಸ್ಪೆಲಿಂಗ್ ಹಿಡ್ಕೊಂಡು ಕೂರ್ತಾರೆ. ಟೇಬಲ್ ತಪ್ಪಾಗಿದ್ರೆ ಮೊದಲ ದಿನ ಹತ್ತು ಸಾಲು ಅಳಿಸಿದ್ರೆ ಮುಗೀತು. ಎರಡು ವಾರ ಬಿಟ್ಟು ಗೊತ್ತಾದ್ರೆ ಅದರ ಮೇಲೆ ಬರೆದದ್ದೆಲ್ಲ ಹೋಗುತ್ತೆ.

ಇಲ್ಲಿನ ಡಚ್ಚರು ಮುಖಕ್ಕೆ ಹೊಡೆದಂಗೆ ಮಾತಾಡ್ತಾರೆ. 'ಇದು ಬೇಡ' ಅಂತ ಬರೆದೋನೇ ಐದು ನಿಮಿಷಕ್ಕೆ ಕಾಫಿಗೆ ಕರೀತಾನೆ. ಮನಸ್ಸಿಗೆ ಹಚ್ಕೋಬೇಡ, ಕಾಫಿಗೆ ಹೋಗು.

ನಿನ್ನ ಮ್ಯಾನೇಜರ್ ಒಳ್ಳೇವ್ರು ಅನ್ಸುತ್ತೆ, ಅವರು ಕೇಳೋದು 'ತೋರ್ಸು' ಅಂತ. ದಿನಾ 'ಮುಗೀತಾ?' ಅಂತ ಕೇಳೋ ಲೀಡ್ (ಟೀಮಿನ ಮುಖ್ಯಸ್ಥ) ಇದ್ರೆ ಅರೆಬರೆ ಕೆಲಸ ಯಾರು ಹೊರಗೆ ತೆಗೀತಾರೆ? ನಮ್ಮ ಟೀಮಲ್ಲಿ ನಾನು ಕೇಳೋದು 'ಎಲ್ಲಿ ಸಿಕ್ಕಾಕ್ಕೊಂಡಿದೀಯ?' ಅಂತ. ನನ್ನ ಡ್ರಾಫ್ಟನ್ನೇ ಮೊದಲು ಹಾಕ್ತೀನಿ. ಲೀಡ್ ಬರೆದಿದ್ರಲ್ಲಿ ಹುಳುಕು ಹಿಡಿಯೋದು ಅಂದ್ರೆ ಹೊಸಬರಿಗೆ ಭಾರಿ ಖುಷಿ. ಆಮೇಲೆ ತಮ್ಮದು ತೋರಿಸೋಕೆ ಅಷ್ಟು ಅಳುಕಲ್ಲ.

ರಜೆ ಕೇಳಿದ್ಯಲ್ಲ, ವಾರಕ್ಕೆ ಐದು ದಿನ ದುಡಿಯೋರಿಗೆ ಇಲ್ಲಿನ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ಧಾರಾಳವಾಗಿ ಹೋಗಿ ಬಾ. ಕೋಡ್ ಮಾತ್ರ ನಿನ್ನ ಲ್ಯಾಪ್‌ಟಾಪಲ್ಲೇ ಕೂತಿದ್ರೆ, ಗುಡಿ ಮುಂದೆ ನಿಂತಾಗಲೇ ಫೋನ್ ಬರುತ್ತೆ.