ಡೇ ಕೇರ್‌ಗೇ ಸಂಬಳ ಹೋಗುತ್ತಿದೆ, ಕೆಲಸ ಬಿಟ್ಟುಬಿಡಲಾ?

ನಿಮ್ಮ ಮಕ್ಕಳಿಗೆ ಎರಡು ಮತ್ತು ನಾಲ್ಕು ವರ್ಷ. ನಿಮ್ಮ ಸಂಬಳದ ಹೆಚ್ಚಿನ ಪಾಲು ಡೇ ಕೇರ್‌ಗೇ ಹೋಗುತ್ತಿದೆ ಅಂದಿದ್ದೀರಿ. ನೀವು ಕೆಲಸ ಬಿಟ್ಟು ಮಕ್ಕಳ ಜೊತೆ ಇರುವುದು, ನಿಮ್ಮ ಯಜಮಾನರು ಸಂಜೆ ಓವರ್‌ಟೈಮ್ ಮಾಡಿ ಕೊರತೆ ತುಂಬುವುದು, ಇದು ಸರಿಯಾ ಅಂತ ಕೇಳಿದ್ದೀರಿ. ನನ್ನ ಕೈಲಾದ ಉತ್ತರ ಇಷ್ಟು: ಕೆಲಸ ಬಿಡಬೇಡಿ, ಓವರ್‌ಟೈಮ್ ಬೇಡ ಅನ್ನಿ. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಇದೇ ಲೆಕ್ಕ ನಮ್ಮ ಮನೆಯಲ್ಲೂ ನಡೆದಿತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಡೇ ಕೇರ್ ಲೆಕ್ಕ. ನಿಮ್ಮ ಕೈಗೆ ಬರುವ ಸಂಬಳ 100 ಅಂತ ಇಟ್ಟುಕೊಳ್ಳಿ, ಡೇ ಕೇರ್ 80. ಉಳಿಯುವುದು ಬರೀ 20, ಇಷ್ಟಕ್ಕೆ ಯಾಕೆ ಓಡಾಡಬೇಕು ಅನ್ನಿಸುತ್ತದೆ. ಆದರೆ ಆ 80 ಅನ್ನು ನಿಮ್ಮ ಸಂಬಳದಿಂದ ಮಾತ್ರ ಯಾಕೆ ಕಳೆಯುತ್ತೀರಿ? ಮಕ್ಕಳು ಇಬ್ಬರದ್ದೂ ಅಲ್ವಾ? ಯಜಮಾನರು ಕೆಲಸಕ್ಕೆ ಹೋಗಲು ಆಗುತ್ತಿರುವುದೂ ಆ ಡೇ ಕೇರ್ ಇರುವುದರಿಂದಲೇ. ಯಜಮಾನರ ಸಂಬಳ 150 ಇದ್ದರೆ ಮನೆಗೆ ಬರುವುದು 250. ಅದರಲ್ಲಿ 80 ಅಂದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಭಾರವೇ, ಇಲ್ಲ ಅನ್ನುವುದಿಲ್ಲ. ಆದರೆ 'ನನ್ನ ದುಡಿಮೆಗೆ ಬೆಲೆಯೇ ಇಲ್ಲ' ಅನ್ನುವ ಮಾತಿಗೆ ಇಲ್ಲಿ ಆಧಾರ ಇಲ್ಲ.

ಇನ್ನೊಂದು, ಈ ಲೆಕ್ಕವನ್ನು ಒಂದು ತಿಂಗಳಿಗೆ ಹಾಕಿದರೆ ತಪ್ಪು ಉತ್ತರ ಬರುತ್ತದೆ. ಹತ್ತು ವರ್ಷಕ್ಕೆ ಹಾಕಿ ನೋಡಿ. ದೊಡ್ಡ ಮಗು ಶಾಲೆಗೆ ಹೊರಟ ಕೂಡಲೇ ಡೇ ಕೇರ್ ಖರ್ಚು ಇಳಿಯುತ್ತದೆ. ಚಿಕ್ಕದೂ ಹೋದ ಮೇಲೆ ಇನ್ನೂ ಇಳಿಯುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಸಂಬಳ ಏರಿರುತ್ತದೆ, ಅನುಭವ ಕೂಡಿರುತ್ತದೆ, ನಿವೃತ್ತಿಗೆ ಅಂತ ಕಟ್ಟುವ ಹಣ ಬೆಳೆದಿರುತ್ತದೆ. ಈಗ ಬಿಟ್ಟರೆ ಹೋಗುವುದು ಆ 20 ಮಾತ್ರ ಅಲ್ಲ, ಇದೆಲ್ಲವೂ ಹೋಗುತ್ತದೆ. ನಾಲ್ಕೈದು ವರ್ಷ ಬಿಟ್ಟು ಮತ್ತೆ ಕೆಲಸ ಹುಡುಕುವವರಿಗೆ ಹಳೆಯ ಸಂಬಳವೇ ಸಿಗುವುದು ಕಷ್ಟ. ಹಾಗಾಗಿ ಮುಂದಿನ ಎರಡು ಮೂರು ವರ್ಷ ಕೈಯಲ್ಲಿ ಏನೂ ಉಳಿಯದಿದ್ದರೂ ಪರವಾಗಿಲ್ಲ ಅಂತಲೇ ನಾನು ಹೇಳುತ್ತೇನೆ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಧ್ಯಯನ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಶ್ರೀಮಂತ ದೇಶಗಳಲ್ಲಿ ಒಂದೇ ಥರದ ಕೆಲಸ ಮಾಡುವ ಗಂಡಸರ ಮತ್ತು ಹೆಂಗಸರ ಸಂಬಳದಲ್ಲಿ ಈಗಿರುವ ಅಂತರ ಬಹುಪಾಲು ಶುರುವಾಗುವುದೇ ಮೊದಲ ಮಗು ಹುಟ್ಟಿದ ಮೇಲೆ. ಕರೆದಾಗಲೆಲ್ಲ ಬರುವವರಿಗೆ, ಹೊತ್ತು ಗೊತ್ತಿಲ್ಲದೆ ದುಡಿಯುವವರಿಗೆ ಕೆಲವು ಕೆಲಸಗಳಲ್ಲಿ ಗಂಟೆಯ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಕೊಡುತ್ತಾರೆ. ಆಗ ಒಬ್ಬರು ಪೂರ್ತಿ ಆ ಕಡೆ ವಾಲುತ್ತಾರೆ, ಇನ್ನೊಬ್ಬರು ಮನೆಯ ಕಡೆ. ಆ ತಿಂಗಳ ಮಟ್ಟಿಗೆ ಲೆಕ್ಕ ಸರಿಯಾಗೇ ಇರುತ್ತದೆ. ನಿಮ್ಮ ಮನೆಯ ಯೋಜನೆ ಕೂಡ ಇದೇ.

ಓವರ್‌ಟೈಮ್ ಯಾಕೆ ಬೇಡ ಅಂದೆ? ಅದು ಸಂಬಳ ಅಲ್ಲ. ಕೆಲಸ ಕಡಿಮೆಯಾದಾಗ ಕಂಪನಿಯವರು ಮೊದಲು ನಿಲ್ಲಿಸುವುದೇ ಅದನ್ನು. ಅದನ್ನೇ ನಂಬಿ ನೀವು ಕೆಲಸ ಬಿಟ್ಟರೆ ಇಡೀ ಮನೆ ಒಂದು ಕೆಲಸದ ಮೇಲೆ, ಅದರಲ್ಲೂ ಅದರ ಅಲುಗಾಡುವ ಭಾಗದ ಮೇಲೆ ನಿಲ್ಲುತ್ತದೆ. ಒಂದು ಸಾಲ ತೀರಿಸಬೇಕು, ಇಂಥ ತಿಂಗಳಿಗೆ ಮುಗಿಯುತ್ತದೆ ಅಂತಿದ್ದರೆ ಮಾತು ಬೇರೆ. ಕೊನೆಯ ದಿನ ಗೊತ್ತಿಲ್ಲದ ಓವರ್‌ಟೈಮ್ ಮನೆಯ ಖರ್ಚಿನೊಳಗೆ ಸೇರಿಕೊಂಡುಬಿಡುತ್ತದೆ, ಆಮೇಲೆ ಬಿಡಲು ಆಗುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಆ ಗಂಟೆಗಳು ದಿನದಲ್ಲಿ ಎಲ್ಲಿ ಬರುತ್ತವೆ ಅನ್ನುವುದು. ಎರಡು ವರ್ಷದ ಮಗು ರಾತ್ರಿ ಬೇಗ ಮಲಗುತ್ತದೆ. ಅಪ್ಪ ಕೆಲಸ ಮುಗಿಸಿ ಬಂದ ಮೇಲೆ ಅದು ಎಚ್ಚರ ಇರುವುದೇ ಒಂದೂವರೆ, ಎರಡು ಗಂಟೆ. ಓವರ್‌ಟೈಮ್ ತಿನ್ನುವುದು ಸರಿಯಾಗಿ ಆ ಎರಡು ಗಂಟೆಯನ್ನೇ. ಕಾಗದದ ಮೇಲೆ ದಿನಕ್ಕೆ ಎರಡು ಗಂಟೆ ಜಾಸ್ತಿ ಕೆಲಸ. ಮಗುವಿನ ಪಾಲಿಗೆ ಮಾತ್ರ ವಾರದ ದಿನಗಳಲ್ಲಿ ಅಪ್ಪನೇ ಇಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಹಾಗೆ ಬದುಕುವ ಎಷ್ಟೋ ಅಪ್ಪಂದಿರು ಮಕ್ಕಳಿಗಾಗಿಯೇ ದುಡಿಯುತ್ತಿರುತ್ತಾರೆ.

ಮಕ್ಕಳ ಜೊತೆ ಸಾಕಷ್ಟು ಹೊತ್ತು ಇರುತ್ತಿಲ್ಲ ಅನ್ನುವ ನಿಮ್ಮ ಸಂಕಟಕ್ಕೂ ಒಂದು ಮಾತು. 2015ರಲ್ಲಿ ಸಮಾಜಶಾಸ್ತ್ರಜ್ಞೆ ಮೆಲಿಸ್ಸಾ ಮಿಲ್ಕಿ ಮತ್ತು ಸಂಗಡಿಗರು ಅಮೆರಿಕದ ಕುಟುಂಬಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 3ರಿಂದ 11 ವರ್ಷದ ಮಕ್ಕಳ ವಿಷಯದಲ್ಲಿ, ತಾಯಿ ಎಷ್ಟು ಗಂಟೆ ಜೊತೆಗಿದ್ದಳು ಅನ್ನುವುದಕ್ಕೂ ಮಗುವಿನ ನಡವಳಿಕೆ, ಮನಸ್ಸು, ಓದು ಇವುಗಳಿಗೂ ಸ್ಪಷ್ಟ ಸಂಬಂಧ ಕಾಣಲಿಲ್ಲ. ನಿಮ್ಮ ಚಿಕ್ಕ ಮಗು ಆ ವಯಸ್ಸಿನೊಳಗೆ ಬರುವುದಿಲ್ಲ, ಅದನ್ನೂ ಹೇಳಬೇಕು. ಆದರೂ ಗಂಟೆಗಳನ್ನು ಎಣಿಸಿ ಕೊರಗುವುದನ್ನು ನೀವು ಬಿಡಬಹುದು.

ಹಾಗಾದರೆ ಮಾಡುವುದೇನು? ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಕೆಲಸದ ಹೊತ್ತು ಬದಲಿಸಿಕೊಂಡಿದ್ದು. ಒಬ್ಬರು ಬೆಳಿಗ್ಗೆ ಬೇಗ ಹೋಗಿ ಬೇಗ ಬರುವುದು. ಇನ್ನೊಬ್ಬರು ಮಕ್ಕಳನ್ನು ಎಬ್ಬಿಸಿ, ರೆಡಿ ಮಾಡಿ, ಬಿಟ್ಟು, ತಡವಾಗಿ ಹೋಗುವುದು. ಇಬ್ಬರ ದುಡಿಮೆಯೂ ಅಷ್ಟೇ, ಆದರೆ ಮಕ್ಕಳು ಡೇ ಕೇರ್‌ನಲ್ಲಿರುವ ಹೊತ್ತು ಕಡಿಮೆ. ಗಂಟೆಯ ಲೆಕ್ಕದಲ್ಲಿ ಫೀಸ್ ತೆಗೆದುಕೊಳ್ಳುವ ಕಡೆ ಖರ್ಚೂ ಇಳಿಯುತ್ತದೆ. ಒಬ್ಬರಿಗೆ ಮಕ್ಕಳ ಬೆಳಗು, ಇನ್ನೊಬ್ಬರಿಗೆ ಸಂಜೆ. ಗಂಡಹೆಂಡತಿಗೆ ಮಾತಾಡಲು ಸಿಗುವ ಹೊತ್ತು ಕಡಿಮೆಯಾಗುತ್ತದೆ, ಅದು ನಿಜ. ವಾರದಲ್ಲಿ ಒಂದು ಸಂಜೆಯನ್ನಾದರೂ ಅದಕ್ಕೆ ಅಂತ ತೆಗೆದಿಡಬೇಕು.

ಇದೂ ಸಾಲದಿದ್ದರೆ ಕೆಲಸ ಬಿಡುವ ಮೊದಲು ಗಂಟೆ ಕಡಿಮೆ ಮಾಡಿಸಿಕೊಳ್ಳಲು ಕೇಳಿ. ಸ್ವೀಡನ್‌ನಲ್ಲಿ ಮಗುವಿಗೆ 8 ವರ್ಷ ಆಗುವವರೆಗೆ ಅಪ್ಪ ಅಮ್ಮ ತಮ್ಮ ಕೆಲಸದ ಹೊತ್ತನ್ನು ಕಾಲು ಭಾಗದವರೆಗೆ ಇಳಿಸಿಕೊಳ್ಳಬಹುದು, ಅದು ಅವರ ಹಕ್ಕು. ಅಂಥ ಕಾನೂನು ಇಲ್ಲದ ಕಡೆಯೂ ಕೇಳಲು ಅಡ್ಡಿಯಿಲ್ಲ. ಕಾಲು ಭಾಗ ಕೆಲಸ ಇಳಿದರೆ ಸಂಬಳವೂ ಅಷ್ಟು ಇಳಿಯುತ್ತದೆ. ಆದರೆ ತೆರಿಗೆ ಮತ್ತು ಡೇ ಕೇರ್ ಖರ್ಚು ಕೂಡ ಇಳಿದರೆ ಮನೆಗೆ ತಟ್ಟುವ ನಷ್ಟ ಅಷ್ಟು ದೊಡ್ಡದಾಗಿರುವುದಿಲ್ಲ. ಕೇಳುವಾಗ 'ಸ್ವಲ್ಪ ಅನುಕೂಲ ಮಾಡಿಕೊಡಿ' ಅನ್ನಬೇಡಿ. ಎಷ್ಟು ಗಂಟೆಗೆ ಹೊರಡುತ್ತೀರಿ, ಯಾವ ಕೆಲಸ ಅಷ್ಟರೊಳಗೆ ಮುಗಿಯುತ್ತದೆ, ಯಾವುದು ಬೇರೆಯವರಿಗೆ ಹೋಗಬೇಕು ಅಂತ ಬರೆದುಕೊಂಡು ಹೋಗಿ. ಮೂರು ತಿಂಗಳು ನೋಡೋಣ ಅನ್ನಿ. ಯಜಮಾನರೂ ಅವರ ಆಫೀಸಿನಲ್ಲಿ ಇದನ್ನೇ ಕೇಳಲಿ. ಅಪ್ಪಂದಿರು ಕೇಳುವುದೇ ಇಲ್ಲ.

ಮಗುವಿಗೆ ಆರೋಗ್ಯದ ತೊಂದರೆ ಇದ್ದರೆ, ಅಥವಾ ಆ ಕೆಲಸ ನಿಮ್ಮ ಆರೋಗ್ಯವನ್ನೇ ಹಾಳು ಮಾಡುತ್ತಿದ್ದರೆ, ನಾನು ಹೇಳಿದ ಲೆಕ್ಕವೆಲ್ಲ ಪಕ್ಕಕ್ಕಿಡಿ, ಬಿಟ್ಟುಬಿಡಿ. ಹಾಗೇನೂ ಇಲ್ಲದಿದ್ದರೆ ರಾಜೀನಾಮೆಯ ಮಾತನ್ನು ದೊಡ್ಡ ಮಗು ಶಾಲೆಗೆ ಸೇರುವವರೆಗೆ ಮುಂದಕ್ಕೆ ಹಾಕಿ. ಆಗಿನ ಖರ್ಚು ಎಷ್ಟು ಅಂತ ನೋಡಿಕೊಂಡು ಇಬ್ಬರೂ ಮತ್ತೆ ಕೂತು ತೀರ್ಮಾನಿಸಿ.